ಮನೋಜನ ಮೊಣಕೈ ಕೀಲು ಯಾರ ಕೈಯಿಂದ ತಪ್ಪಿತು ಎಂಬ ಬಗ್ಗೆ

ಹೆಸರು: ಸುಶೀಲಾ, ಗಂಡನ ಹೆಸರು ಗೋಪಾಲಕೃಷ್ಣ. ವಯಸ್ಸು: 49. ಕೆಲಸ: ಅಲ್ಕಾಪುರಿಯ ನಮ್ಮದೇ ಉಡುಪಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುವುದು. ವಾಸ: ಅದೇ ಹೋಟೆಲಿನ ಮೇಲಿನ ಮಹಡಿ, ವಡೋದರಾ. ಮೂಲ ಊರು: ಕುಂದಾಪುರ.

ಠಾಣೆಯವರು ವಿಚಾರಿಸಿದ್ದಕ್ಕೆ ನಾನು ತಿಳಿಯಪಡಿಸುವುದು ಹೀಗಿದೆ. ನನಗೆ ಗುಜರಾತಿ ಮಾತಾಡಲು ಬರುತ್ತದೆ, ಬರೆಯಲು ಬಾರದು. ಆದ್ದರಿಂದ ಕನ್ನಡದಲ್ಲಿ ಹೇಳಿದ್ದೇನೆ. ಭಾಷಾಂತರಿಸುವವರು ನನ್ನ ಮಾತನ್ನು ಮೆತ್ತಗೆ ಮಾಡಬಾರದೆಂದು ಕೋರಿಕೆ.

ನಮ್ಮ ಹೋಟೆಲಿನಿಂದ 400 ಮೀಟರ್ ದೂರದಲ್ಲಿ ಪ್ರವೀಣ್ ಪರ್ಮಾರ್ ಅವರ ಜೂಡೋ ತರಗತಿ ಇದೆ. ಒಂಬತ್ತು ವರ್ಷಗಳಿಂದ ಬೆಳಿಗ್ಗೆ ಆರಕ್ಕೆ ಅಲ್ಲಿಗೆ ಹೋಗುತ್ತಿದ್ದೇನೆ. ಈಗ ನನ್ನದು ಕಂದು ಬೆಲ್ಟ್, ಕಪ್ಪಿಗೆ ಒಂದೇ ಮೆಟ್ಟಿಲು ಕೆಳಗೆ. ಬಾಗಿಲ ಪಕ್ಕದಲ್ಲಿ ನಿಯಮಗಳ ಫಲಕವಿದೆ. ಓದಲು ಎರಡು ನಿಮಿಷ ಸಾಕು.

ಮನೋಜ್, ವಯಸ್ಸು 26, ಕನ್ನಡದವರ ಮಗ, ಸೂರತ್‌ನಲ್ಲಿ ಬೆಳೆದವನು, ಇಲ್ಲಿ ಇನ್ಶೂರೆನ್ಸ್ ಕಚೇರಿಯಲ್ಲಿದ್ದಾನೆ. ದಿನಾಂಕ 3-6-2024ರ ಸೋಮವಾರ ತರಗತಿಗೆ ಹೊಸದಾಗಿ ಸೇರಿ, ಬೆಳಿಗ್ಗೆ 6.10ಕ್ಕೆ ಶೂ ಹಾಕಿಕೊಂಡೇ ಮ್ಯಾಟ್ ಮೇಲೆ ಏಳು ಹೆಜ್ಜೆ ನಡೆದು ಬಂದನು. "ಶೂ ಹೊರಗೆ ಬಿಡು ಮಾರಾಯಾ, ನಾವಿಲ್ಲಿ ಮುಖ ಅಡಿಗಾಗಿ ಬೀಳುವುದು" ಎಂದೆ. "ಟೆನ್ಷನ್ ಮತ್ ಲೋ ಆಂಟಿ, ಶೂ ನಯಾ ಇದೆ" ಎಂದನು, ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಶೂ ಹೊಸದು ಎಂದು. ಬಿಳಿ ಬೆಲ್ಟ್ ಕಟ್ಟಲು ಬಾರದೆ ಪಂಚೆಯ ಗಂಟು ಹಾಕಿಕೊಂಡು, ಕನ್ನಡಿಯ ಮುಂದೆ ಹನ್ನೊಂದು ಫೋಟೊ ತೆಗೆದುಕೊಂಡನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ.

ಮಂಗಳವಾರ ಉಗುರು ಕತ್ತರಿಸದೆ, ಕೈಯ ಸ್ಟೀಲ್ ಕಡಗ ತೆಗೆಯದೆ ಬಂದನು. ಆ ಕಡಗದಿಂದ ತೃಪ್ತಿ ಎಂಬ ವಿದ್ಯಾರ್ಥಿನಿಯ ಕುತ್ತಿಗೆಯಲ್ಲಿ ಎರಡು ಇಂಚು ಗೀರಾಯಿತು. ಸಾರಿ ಎನ್ನಲಿಲ್ಲ. ಬದಲಿಗೆ, ಏಳು ವರ್ಷದಿಂದ ಆಡುತ್ತಿರುವ ಆ ಹುಡುಗಿಗೆ ಕಾಲು ಎಲ್ಲಿಡಬೇಕೆಂದು ಮೊಬೈಲ್ ವಿಡಿಯೊ ತೋರಿಸಿ ಪಾಠ ಹೇಳಿದನು. ಬುಧವಾರ ಅದೇ ಜೂಡೋ ಅಂಗಿಯನ್ನು ತೊಳೆಯದೆ ತೊಟ್ಟು ಬಂದನು. ನಾನು ಹುಳಿ ಬಂದ ಹಿಟ್ಟಿನ ನಡುವೆ ದಿನ ಕಳೆಯುವವಳು, ನಾನೇ ಮೂಗು ಮುಚ್ಚಿಕೊಳ್ಳಬೇಕಾಯಿತು.

ಗುರುವಾರ, 6ನೇ ತಾರೀಕು, 6.42ಕ್ಕೆ ಪ್ರವೀಣ್ ಸರ್ ನಮ್ಮಿಬ್ಬರನ್ನು ಜೋಡಿ ಮಾಡಿದರು. ಅರ್ಧ ಬಲ ಮಾತ್ರ ಹಾಕಬೇಕು, ಎದುರಾಳಿಯನ್ನು ಒತ್ತಿ ಹಿಡಿಯುವುದಷ್ಟೇ, ನೋವಾದರೆ ಮ್ಯಾಟನ್ನು ಎರಡು ಸಲ ತಟ್ಟಬೇಕು, ತಟ್ಟಿದ ಕೂಡಲೇ ಬಿಡಬೇಕು ಎಂದು ತಿಳಿಸಿದರು. ಮನೋಜನಿಂದ ಮೂರು ಬಾರಿ ತಟ್ಟಿಸಿಯೂ ನೋಡಿದರು. ಅವನು ನಕ್ಕು, ಆಂಟಿಗೆ ಪೆಟ್ಟಾದರೆ ನನ್ನನ್ನು ಕೇಳಬೇಡಿ ಎಂಬರ್ಥದಲ್ಲಿ ಹಿಂದಿಯಲ್ಲಿ ಹೇಳಿದನು.

ನಂತರ ಪೂರ್ತಿ ಬಲ ಹಾಕಿ ಮೇಲೆ ಬಿದ್ದನು. ಅವನ ಮೊಣಕೈ ತಾಗಿ ನನ್ನ ಕೆಳತುಟಿ ಒಡೆಯಿತು. ನನಗೆ ಸಿಟ್ಟು ಬಂತು. ನಾನು ಮಗ್ಗುಲಾಗಿ ಅವನ ಬಲಗೈಯನ್ನು ನನ್ನ ಎರಡು ತೊಡೆಗಳ ನಡುವೆ ಸಿಕ್ಕಿಸಿ ನೇರ ಮಾಡಿದೆ. ಅವನ ಎಡಗೈ ಬಿಡುವಾಗಿತ್ತು. ಅದಕ್ಕೂ ಮ್ಯಾಟಿಗೂ ಎಂಟು ಇಂಚು ದೂರ. ತಟ್ಟು ಎಂದು ಎರಡು ಸಲ ಹೇಳಿದೆ. ಉಳಿದವರು ನೋಡುತ್ತಿದ್ದರು. "ಕುಛ್ ನಹೀ ಹುವಾ ಆಂಟಿ", ಏನೂ ಆಗಿಲ್ಲ ಎಂದನು. ನಾನು ಇನ್ನೊಂದು ಇಂಚು ಸೊಂಟ ಎತ್ತಿದೆ. ಅವನ ಮೊಣಕೈ ಕೀಲು ತಪ್ಪಿದ್ದು ಟಕ್ ಎಂದು ಕೇಳಿಸಿತು. ಆ ಕ್ಷಣ ನನಗೆ ಸಂತೋಷವಾಯಿತು. ಅದನ್ನೂ ಬರೆದುಕೊಳ್ಳಬೇಕು.

ಆಗ ಪ್ರವೀಣ್ ಸರ್ ಇಪ್ಪತ್ತು ಅಡಿ ದೂರದಲ್ಲಿ ತೃಪ್ತಿಯ ಕಾಲ್ಬೆರಳಿಗೆ ಪಟ್ಟಿ ಸುತ್ತುತ್ತಿದ್ದರು. ಓಡಿ ಬಂದು ಐಸ್ ಇಟ್ಟು, 6.55ಕ್ಕೆ ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಅವನು ಅಮ್ಮನನ್ನು ಕರೆದನೆಂದು ಆಮೇಲೆ ತಿಳಿಯಿತು.

ಪ್ರವೀಣ್ ಸರ್ ಸಿಟ್ಟಿನಿಂದ ಕೈ ತಿರುಚಿದರೆಂದು ಮನೋಜ್ ದೂರು ಕೊಟ್ಟಿದ್ದಾನೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. ಇಡ್ಲಿ ಹಿಟ್ಟು ರುಬ್ಬುವ ಆಂಟಿ ಕೈ ಮುರಿದಳೆಂದು ಕಚೇರಿಯಲ್ಲಿ ಹೇಳಲು ಅವನಿಗೆ ಬಾಯಿಲ್ಲ. ಪ್ರವೀಣ್ ಸರ್ ಠಾಣೆಯಲ್ಲಿ, ನನ್ನ ಮ್ಯಾಟ್ ಮೇಲೆ ಆದದ್ದಕ್ಕೆಲ್ಲ ಹೊಣೆ ನನ್ನದು ಎಂದಷ್ಟೇ ಹೇಳಿ, ನನ್ನ ಹೆಸರು ಎತ್ತಲಿಲ್ಲವಂತೆ. ಅದು ತಪ್ಪೊಪ್ಪಿಗೆ ಅಲ್ಲ. ಶಿಷ್ಯರ ತಪ್ಪಿಗೆ ಗುರು ಉತ್ತರ ಹೇಳುವುದು ಅಲ್ಲಿನ ಪದ್ಧತಿ. ಅವರ ಮೇಲೆ ಕೇಸ್ ನಿಂತರೆ ಹಾಲ್ ಖಾಲಿ ಮಾಡಬೇಕೆಂದು ಕಟ್ಟಡದ ಮಾಲೀಕರು ಹೇಳಿದ್ದಾರೆ. ನಿನ್ನೆ ಸಂಜೆ ಫೋನ್ ಮಾಡಿದಾಗಲೂ ಸರ್ "ಬೇನ್, ತಮೇ ಘರೇ ರಹೋ" ಎಂದರು, ಅಂದರೆ ಅಕ್ಕ, ನೀವು ಮನೆಯಲ್ಲೇ ಇರಿ ಎಂದು. ಇಡೀ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫಲಕದಲ್ಲಿ ಹೊಸಬರಿಗೆಂದು ಬರೆದ ನಿಯಮಗಳಲ್ಲಿ ಆ ಹುಡುಗ ಮುರಿಯದೆ ಬಿಟ್ಟದ್ದು ಒಂದನ್ನೂ ಕಾಣೆ. ಕೊನೆಯ ಸಾಲು ಮಾತ್ರ ಹಳಬರಿಗೆ ಬರೆದದ್ದು: ಹೊಸಬರ ಮೇಲೆ ಕೈ ಮುರಿಯುವ ಪಟ್ಟು ಹಾಕಬಾರದು, ಅವರು ತಟ್ಟದಿದ್ದರೂ ನೀವೇ ಬಿಡಬೇಕು. ಅವನು ಓದದೆ ಮುರಿದನು. ನಾನು ಒಂಬತ್ತು ವರ್ಷ ದಿನಾ ಓದಿ ಮುರಿದೆ.

ಆದ್ದರಿಂದ ದೂರಿನಲ್ಲಿ ಪ್ರವೀಣ್ ಪರ್ಮಾರ್ ಎಂದಿರುವ ಕಡೆ ಸುಶೀಲಾ ಎಂದು ಬರೆದುಕೊಳ್ಳಬೇಕು. ವಯಸ್ಸನ್ನೂ ಬಿಡಬಾರದು.

ಹೇಳಿದ್ದನ್ನು ಓದಿಸಿ ಕೇಳಿದ್ದೇನೆ. ಯಾರ ಒತ್ತಾಯವೂ ಇಲ್ಲ, ಒಂದು ಮಾತೂ ಸುಳ್ಳಲ್ಲ.

ಸ್ಥಳ: ವಡೋದರಾ
ದಿನಾಂಕ: 8-6-2024
ಸಹಿ: ಸುಶೀಲಾ