ತಲೆ ಎಣಿಸಿ ಹಂಚಿದ ಮನೆಗಂದಾಯ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಹೆಸರೇ ಇಲ್ಲದ ಒಂದು ಸೀಮೆ ಕಥೆ ಹೇಳ್ತೀನಿ. ರಾಜ ಯಾರು ಅಂತ ಕೇಳಬೇಡಿ, ಮರೆತುಹೋಗಿದೆ. ಅಲ್ಲೊಂದು ಹೊಳೆ, ದೊಡ್ಡ ಹೊಳೆ. ಆಚೆ ದಡದಲ್ಲಿ ಮೇಲ್ಪೇಟೆ, ಈಚೆ ದಡದಲ್ಲಿ ಕೆಳಹಳ್ಳಿ.

ಮೇಲ್ಪೇಟೆ ತುಂಬ ಮಹಡಿ ಮನೆಗಳು, ದವಸದ ಮಂಡಿಗಳು. ಆ ಮಂಡೀಲಿ ಮೂಟೆ ಹೊರೋರೆಲ್ಲ ಕೆಳಹಳ್ಳಿಯವರು. ಬೆಳಗಾದರೆ ದೋಣಿ ಹತ್ತಿ ಆಚೆ ಹೋಗೋರು, ಸಂಜೆಗೆ ಈಚೆ ಬರೋರು. ಆಚೆ ಮನೆ ಮಾಡೋಕೆ ಕೂಲಿ ಸಾಲುತ್ತಾ? ಎಲ್ಲಿ ಸಾಲುತ್ತೆ! ಅದಕ್ಕೇ ಈಚೆ ಗುಡಿಸಲು.

ಎರಡೂ ಊರಿನ ಮನೆಗಂದಾಯ ಮೊದಲಿಂದ ಒಂದೇ ಪೆಟ್ಟಿಗೆಗೆ ಬೀಳ್ತಿತ್ತು. ಬಾವಿ ಹೂಳು ತೆಗೆಯೋಕೋ, ಸೂಲಗಿತ್ತಿಗೋ, ದೋಣಿಗೋ, ಎಲ್ಲಿ ಬೇಕೋ ಅಲ್ಲಿಗೆ ಹೋಗ್ತಿತ್ತು.

ಒಂದು ವರ್ಷ ಮೇಲ್ಪೇಟೆ ಯಜಮಾನ ಕೊಟ್ರಶೆಟ್ಟಿ ರಾಜನ ಅಧಿಕಾರಿ ಹತ್ತಿರ ಹೋದ. ನಮ್ಮ ಮಹಡಿಗಳ ಕಂದಾಯ ಹೊಳೆ ದಾಟಿ ಯಾಕೆ ಹೋಗಬೇಕು ಅಂದ. ಅಧಿಕಾರಿ ಮಹಡಿಯೂ ಮೇಲ್ಪೇಟೇಲೇ ಇತ್ತು ನೋಡಿ, ಸರಿ ಅಂದುಬಿಟ್ಟ. ಅವತ್ತಿಂದ ಅವರವರ ಪೆಟ್ಟಿಗೆ ಅವರವರಿಗೆ. ಗುಡಿಸಲಿಗೆ ಕಂದಾಯ ಎಷ್ಟು ಬಂದೀತು? ಕೆಳಹಳ್ಳಿ ಪೆಟ್ಟಿಗೆ ತಳ ಕಾಣ್ತು.

ಕೆಳಹಳ್ಳಿ ಯಜಮಾನಿ ಸಾಕಮ್ಮ. ಬಾವಿ ಹೂಳು ತುಂಬಿದಾಗ ಹೊಳೆ ದಾಟಿ ಕೇಳೋಕೆ ಹೋದಳು. ಶೆಟ್ಟಿ ಕೂರಿಸಿ, ಮಜ್ಜಿಗೆ ಕೊಟ್ಟು, ಕಟ್ಟಳೆ ಕಟ್ಟಳೇನೇ ಅಂದು ಕಳಿಸಿದ. ಸಂಬಳವಿಲ್ಲದೆ ಸೂಲಗಿತ್ತಿ ಊರು ಬಿಟ್ಟಾಗ ಮತ್ತೆ ಹೋದಳು. ಈ ಸಲ ನಿಲ್ಲಿಸಿಯೇ ಮಾತಾಡಿದ.

ಮೂರನೇ ಸಲ ಹೋದದ್ದು ದೋಣಿಗಾಗಿ. ದೋಣಿ ನಡೆಸೋನು ಅವಳ ಮನೇಲೇ ಇದ್ದ ತಮ್ಮ ಮುದ್ದಯ್ಯ. ಅಕ್ಕಾ ನೋಡು ಅಂತ ತಳದ ಹಲಗೆ ಮೇಲೆ ಬೆರಳು ಒತ್ತಿದ್ದ. ಬೆರಳು ಒಳಕ್ಕೇ ಹೋಗಿತ್ತು.

"ಅಣ್ಣಾ, ಒಂದೇ ಒಂದು ಹಲಗೆ ಕೇಳ್ತಿದೀನಿ. ಆ ದೋಣಿ ತರೋದು ನಿಮ್ಮ ಮೂಟೆ ಹೊರೋರನ್ನೇ ಅಲ್ವಾ?" ಅಂದಳು ಶೆಟ್ಟಿಗೆ.

ಶೆಟ್ಟಿ ತಲೆ ಎತ್ತಲಿಲ್ಲ. "ದೋಣಿ ಕಟ್ಟಿಹಾಕೋದು ನಿಮ್ಮ ದಡದಲ್ಲಿ, ಸಾಕಮ್ಮ."

ಆಷಾಢ ಬಂತು, ಹೊಳೆ ಉಬ್ಬಿತು. ಇವತ್ತು ಬೇಡ ಅಂದ ಮುದ್ದಯ್ಯ. ಹೋಗದಿದ್ದರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಒಲೆ ಹತ್ತೋದಿಲ್ಲ ಅಂದರು ಹಮಾಲರು. ಅವರ ಮುಖ ನೋಡಲಾರದೆ ಹುಟ್ಟು ಹಿಡಿದ. ನಡುಹೊಳೇಲಿ ಹಲಗೆ ಕಿತ್ತುಬಂತು. ಈಜಿದವರು ಕೆಲವರು. ಬಾಕಿಯವರನ್ನ ಹೊಳೆ ತಗೊಂಡುಹೋಯ್ತು. ಮುದ್ದಯ್ಯನ ಹೆಣ ಸಿಕ್ಕಿದ್ದು ದೂರದ ಜೊಂಡಿನಲ್ಲಿ.

ಕೊಟ್ರಶೆಟ್ಟಿ ಮಂಡಿ ಬಾಗಿಲಲ್ಲಿ ನಿಂತು ಅಷ್ಟನ್ನೂ ಕಣ್ಣಾರೆ ನೋಡಿದ್ದ. ಆಮೇಲೆ ಅವನಿಗೆ ಅನ್ನ ಸೇರಲಿಲ್ಲ. ತಾನೇ ರಾಜನ ಹತ್ತಿರ ಹೋಗಿ, ಮೊದಲಿನ ಹಾಗೇ ಒಂದೇ ಪೆಟ್ಟಿಗೆ ಮಾಡಿ ಅಂತ ಬೇಡಿದ. ರಾಜ ಯೋಚನೆ ಮಾಡಿದ. ಪೆಟ್ಟಿಗೆ ಒಂದೇ ಆಗಲಿ, ಆದರೆ ಇನ್ನು ಮೇಲೆ ಯಾರೂ ಯಾರ ಬಾಗಿಲಿಗೂ ಹೋಗಿ ಕೇಳೋದು ಬೇಡ, ಎರಡೂ ಊರಲ್ಲಿ ತಲೆ ಎಣಿಸಿ ಹಂಚಿ, ತಲೆಗೊಂದು ಪಾಲು ಅಂದ. ನ್ಯಾಯವಾಗೇ ಇತ್ತು, ಅಲ್ವಾ?

ಎಣಿಸೋನು ಬಂದ. ಸಾಕಮ್ಮನ ಮನೇಲಿ ಎಷ್ಟು ಜನ ಅಂತ ಕೇಳಿದ. ಇಬ್ಬರು ಅಂದಳು. ಇನ್ನೊಬ್ಬರು ಎಲ್ಲಿ ಅಂದ.

"ಹೊಳೇಲಿ ಹೋದ."

"ಉಸಿರಾಡೋ ತಲೆ ಮಾತ್ರ ಅಂತ ಅಪ್ಪಣೆ, ತಾಯಿ" ಅಂದ. ಒಂದು ಅಂತ ಬರ್ಕೊಂಡ. ಪಕ್ಕದ ಮನೇಲೂ ಹಂಗೇ, ಅದರ ಪಕ್ಕದ ಮನೇಲೂ ಹಂಗೇ.

ಪಾಲು ಬಂತು. ಹೊಸ ದೋಣಿಗೆ ಸಾಲಲಿಲ್ಲ. ಎಷ್ಟು ಕಡಿಮೆ ಬಿತ್ತು? ಹೊಳೆ ತಗೊಂಡ ತಲೆಗಳಷ್ಟೇ.

ಸುದ್ದಿ ತಿಳಿದು ಶೆಟ್ಟಿ ಹರಿಗೋಲು ಹತ್ತಿ ಈಚೆಗೆ ಬಂದ. ಮೊದಲನೇ ಸಲ ಬಂದದ್ದು. ಕಡಿಮೆ ಬಿದ್ದದ್ದನ್ನ ಚೀಲದಲ್ಲಿ ತಂದಿದ್ದ. ಸಾಕಮ್ಮ ಚಾಪೆ ಹಾಕಿ ಕೂರಿಸಿದಳು. ಚೀಲದ ಕಡೆ ನೋಡಿದಳು.

"ಇದರಲ್ಲಿ ಹಲಗೆ ಎಷ್ಟು ಬರುತ್ತೆ, ಅಣ್ಣಾ?" ಅಂದಳು.

ಅವನು ಚೀಲವನ್ನ ಅವಳ ಕಡೆ ಸರಿಸಿದ. ಸಾಕಮ್ಮ ಚೀಲ ತಗೊಂಡಳು. ತಗೊಳ್ಳದೆ ಏನು ಮಾಡ್ತಾಳೆ? ಉಳಿದ ಜನ ಹೊಳೆ ದಾಟಬೇಕಲ್ಲ.

ಅಷ್ಟೇ ಕಣ್ರಪ್ಪಾ. ಆ ಊರಿನವರು ಅಲ್ಲೇ ಉಳಿದರು, ಕಥೆ ಇಲ್ಲಿಗೆ ಬಂತು. ಹೇಳಿದ ನನ್ನ ಎದೆ ಹಗುರಾಗಲಿಲ್ಲ. ಕೇಳಿದ ನೀವೂ ಒಂದಿಷ್ಟು ಹೊತ್ಕೊಂಡು ಹೋಗಿ.