ಅಮ್ಮ ಹಾಕಿದ ಅಂದಾಜು

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ದರ್ಜಿಗೆ ಬಾಯಿ ಬಿಡಲಾಗುತ್ತಿರಲಿಲ್ಲ, ಕಿವಿ ಮಾತ್ರ ಚುರುಕಾಗಿತ್ತು. ಪಕ್ಕದ ಬೆಂಚಿನಲ್ಲಿ ತಾಯಿ, ಮಗಳು.

"ಬ್ರಿಟನ್ನಿನ ಯೂನಿವರ್ಸಿಟಿಯವರು ಬೇಡ ಅಂದ್ರಾ?" ತಾಯಿ ಕೇಳಿದಳು.

"ಅಂದ್ರು. ಪರೀಕ್ಷೆಗೆ ಮುಂಚೆನೇ ಎಷ್ಟು ಮಾರ್ಕ್ಸ್ ಬರಬಹುದು ಅಂತ ಕೇಳ್ತಾರೆ. ನಮ್ಮ ಸ್ಕೂಲಲ್ಲಿ ಆ ಪದ್ಧತಿನೇ ಇಲ್ವಲ್ಲ, ಟೀಚರ್ ಅಂತ ನೀನು ಬರೆದ ಅಂದಾಜನ್ನೇ ನಂಬಿದ್ರು. ಅದು ಸಾಲ್ದಂತೆ."

ತಾಯಿ ಚೀಲದ ಹಿಡಿ ತಿರುಚಿದಳು.

"ನನ್ನ ಪಕ್ಕ ಕೂರೋಳಿಗೆ ತೊಂಬತ್ತು ಹಾಕಿದೀಯ. ಅವಳು ನನ್ನದು ನೋಡ್ಕೊಂಡೇ ಲೆಕ್ಕ ಮಾಡೋದು."

"ಗೊತ್ತು ಪುಟ್ಟಿ."

"ನಂಗೆ ಎಂಬತ್ತು. ನಾನು ಅಷ್ಟೇನಾ ಅಮ್ಮ?"

"ಅಲ್ಲ. ಮೊದಲು ತೊಂಬತ್ತೈದು ಅಂತಲೇ ಬರೆದಿದ್ದೆ. ಸ್ವಂತ ಮಗಳಿಗೆ ಜಾಸ್ತಿ ಹಾಕಿದ್ಲು ಅಂತ ಸ್ಟಾಫ್ ರೂಮಲ್ಲಿ ಆಡ್ಕೋತಾರೇನೋ ಅಂತ ಅಳುಕಿ ಇಳಿಸಿದೆ."

"ಆಡ್ಕೊಂಡ್ರಾ?"

"ಇಲ್ಲ. ಯಾರೂ ಅದನ್ನ ತೆಗೆದು ನೋಡಲೂ ಇಲ್ಲ."

ದರ್ಜಿ ಗೋಡೆ ಕಡೆ ಮುಖ ತಿರುಗಿಸಿದ.

ನರ್ಸ್ ಬಾಗಿಲು ತೆರೆದು ಹುಡುಗಿಯನ್ನು ಕರೆದಳು. "ಜೊತೆಗೆ ಮನೆಯವರು ಯಾರಾದ್ರೂ ಬಂದಿದಾರಾ?"

"ಇಲ್ಲ," ಎಂದಳು ಹುಡುಗಿ ಎದ್ದು ನಿಂತು. "ಇವರು ನಮ್ಮ ಟೀಚರ್."

ಅರ್ಧ ಎದ್ದಿದ್ದ ತಾಯಿ ಹಾಗೇ ಕೂತುಬಿಟ್ಟಳು. ಬಾಗಿಲು ಮುಚ್ಚಿಕೊಂಡಿತು.