ಕಲಿತ ಮೇಲೆ ಹೋಗುತ್ತೇನೆ ಎಂದವನು

ಶರಣು ತಾಯಂದಿರೇ, ಶರಣು ಅಣ್ಣಂದಿರೇ. ಮಠದ ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ, ಜಾಗ ಇದೆ. ಕಂಬಕ್ಕೆ ಒರಗಿದವರು ಅಲ್ಲೇ ಇರಿ, ನಿಮ್ಮ ಬೆನ್ನಿನ ಕಷ್ಟ ನನಗೆ ಗೊತ್ತು.

ನಿನ್ನೆ ಪ್ರವಚನ ಮುಗಿದ ಮೇಲೆ, ನಮ್ಮ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಶಂಕ್ರಮ್ಮ ಮೇಡಂ ಬಂದು ನನ್ನ ಹತ್ತಿರ ಕುಳಿತರು. "ಅವ್ವಾರ, ಅಮೆರಿಕ ಒಂದು ಕಾಲಕ್ಕ ಇನ್ನೊಬ್ಬರ ಕೈಯಾಗ ಇತ್ತು. ಬಡದಾಡಿ ಬಿಡಗಡಿ ಆತು. ಮುಂದ ನೂರು ವರ್ಷ ಆದ ಮ್ಯಾಲ ಸಮುದ್ರ ದಾಟಿ ಹೋಗಿ ಮಂದಿ ನಾಡಿನ ಮ್ಯಾಲ ತಾನ ಕುಂತಿತು. ಹ್ಯಾಂಗ ಮನಸ್ಸು ಬಂತು ಅಂತ ಹುಡುಗರು ಕೇಳ್ತಾರ. ನನಗ ಹೇಳಾಕ ಬರವಲ್ದು" ಎಂದರು. ಅವರು ಕೊಟ್ಟ ಪುಸ್ತಕವನ್ನು ಇವತ್ತು ಕುಳಿತು ಓದಿದೆ. ಮುಚ್ಚಿಟ್ಟು ಮತ್ತೆ ಮೊದಲಿನಿಂದ ಓದಿದೆ. ಯಾಕೆ ಗೊತ್ತೇ? ಆ ದೊಡ್ಡ ದೇಶದ ಕಥೆಯಲ್ಲಿ ನನಗೆ ನಮ್ಮ ಓಣಿಯ ಮನೆಗಳೇ ಕಂಡವು. ಅದಕ್ಕೆ ಇವತ್ತು ಒಂದು ದೃಷ್ಟಾಂತ ಹೇಳುತ್ತೇನೆ.

ಹೊಳೆಯ ಈ ದಂಡೆಯ ಊರಲ್ಲಿ ಒಬ್ಬ ಶ್ರೀಮಂತ ಇದ್ದ. ಶ್ರೀಮಂತ ಎಂದ ಕೂಡಲೇ ಮುಖ ಗಂಟು ಹಾಕಬೇಡಿ. ಒಳ್ಳೆಯವನೇ. ಮೈಮುರಿದು ದುಡಿದು ಮೇಲೆ ಬಂದವನು. ಹಸಿದವರಿಗೆ ಅನ್ನ ಹಾಕುತ್ತಿದ್ದ. ಅವನ ಗೋದಾಮಿನಲ್ಲಿ ಬಟ್ಟೆ ಎಷ್ಟಿತ್ತೆಂದರೆ ಸುತ್ತಲಿನ ಊರಿನವರೆಲ್ಲ ಉಟ್ಟರೂ ಉಳಿಯುತ್ತಿತ್ತು. ಇನ್ನೂ ದೂರದ ಸಂತೆಗೆ ಗಾಡಿ ಕಳಿಸಬೇಕು, ದಾರಿಯಲ್ಲಿ ಎತ್ತು ಬಿಚ್ಚಲು ಒಂದು ಠಿಕಾಣಿ ಬೇಕು ಎಂಬ ಯೋಚನೆ ಅವನಿಗೆ ಬಂದಿತ್ತು. ಯೋಚನೆ ತಪ್ಪಲ್ಲ. ವ್ಯಾಪಾರ ಮಾಡುವವರಿಗೆ ಇದ್ದದ್ದೇ.

ಹೊಳೆಯ ಆಚೆ ದಂಡೆಯಲ್ಲಿ ಒಬ್ಬ ನೇಕಾರ ಹೆಂಗಸು. ಗಂಡ ಇಲ್ಲ, ಎರಡು ಸಣ್ಣ ಮಕ್ಕಳು, ಜೊತೆಗೊಬ್ಬ ತಮ್ಮ. ಅವಳದು ಗುಂಡಿ ಮಗ್ಗ. ನೀವು ನೋಡಿದ್ದೀರಿ, ಪಡಸಾಲೆಯಲ್ಲಿ ಬಾಗಿಲ ಬೆಳಕು ಬೀಳುವ ಕಡೆ ನೆಲದಲ್ಲಿ ಗುಂಡಿ ತೋಡಿರುತ್ತಾರೆ. ನೇಯುವವರು ಅದರ ಅಂಚಿಗೆ ಕುಳಿತು, ಕಾಲು ಗುಂಡಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ. ಆ ಗುಂಡಿಯೇ ಅವಳ ಅನ್ನ, ಆ ಗುಂಡಿಯೇ ಅವಳ ಮರ್ಯಾದೆ.

ಆದರೆ ಆ ಪಡಸಾಲೆಯಲ್ಲಿ ಅವಳ ಅಜ್ಜನ ಕಾಲದಿಂದ ಒಬ್ಬ ದೇಸಾಯಿ ಬಂದು ಕುಳಿತಿದ್ದ. ನೇಯ್ದ ಮೊದಲ ಸೀರೆ ಅವನಿಗೆ, ಕಾಯಿಸಿದ ಮೊದಲ ಹಾಲು ಅವನಿಗೆ. ಹೆಂಗಸು ತಾಳಿದಳು, ತಾಳಿದಳು, ಕೊನೆಗೆ ಒಂದು ದಿನ ತಿರುಗಿಬಿದ್ದಳು. ತಮ್ಮನನ್ನು ಕರೆದುಕೊಂಡು ದೇಸಾಯಿಯ ಆಳುಗಳನ್ನು ಅಡುಗೆಮನೆಯಿಂದ ಓಡಿಸಿದಳು, ಹಿತ್ತಲಿನಿಂದ ಓಡಿಸಿದಳು. ಉಳಿದದ್ದು ಪಡಸಾಲೆ ಒಂದೇ. ಇನ್ನೊಂದು ನೂಕು ನೂಕಿದ್ದರೆ ಮುಗಿಯುತ್ತಿತ್ತು.

ಅಷ್ಟರಲ್ಲಿ ನಮ್ಮ ಶ್ರೀಮಂತ ಹೊಳೆ ದಾಟಿ ಬಂದ, ಹಿಂದೆ ಬಡಿಗೆ ಹಿಡಿದ ಮಂದಿ. "ಅಂಜಬ್ಯಾಡ ತಂಗಿ, ನಾ ಬಂದೀನಿ" ಎಂದ. ಅವಳಿಗೆ ಅಳುವೇ ಬಂತು. ಯಾರಿಗೆ ಬರುವುದಿಲ್ಲ ಹೇಳಿ? ಕಷ್ಟದಲ್ಲಿದ್ದಾಗ ಒಬ್ಬರು ಬಂದು ತಂಗಿ ಎಂದರೆ ಕಲ್ಲೂ ಕರಗುತ್ತದೆ.

ಅವಳು ಆರತಿ ತಟ್ಟೆ ತರಲು ಪಕ್ಕದ ಮನೆಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಅವಳ ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಒಳಗೆ ಏನು ನಡೆಯಿತು? ದೇಸಾಯಿ, ಶ್ರೀಮಂತ ಇಬ್ಬರೂ ನೋಡುವವರಿಗಾಗಿ ಸ್ವಲ್ಪ ತಳ್ಳಾಡಿದರು. ಆಮೇಲೆ ಶ್ರೀಮಂತ ದೇಸಾಯಿಯ ಕೈಗೆ ಒಂದಿಷ್ಟು ರೊಕ್ಕ ಇಟ್ಟ. ದೇಸಾಯಿ ಹಿತ್ತಲ ಬಾಗಿಲಿನಿಂದ ಹೋದ. ಮುಂಬಾಗಿಲು ತೆರೆದಾಗ ದೇಸಾಯಿ ಕೂರುತ್ತಿದ್ದ ಜಾಗದಲ್ಲೇ ಶ್ರೀಮಂತ ಕುಳಿತಿದ್ದ. ಮನೆಯ ಮಾತು ಮುಗಿದಿತ್ತು, ಮನೆಯೊಡತಿ ಆರತಿ ತಟ್ಟೆ ಹಿಡಿದು ಅಂಗಳದಲ್ಲಿದ್ದಳು.

ನೋಡಿ, ಇದನ್ನು ನಾನು ರುಚಿಗೆಂದು ಸೇರಿಸಿದ್ದಲ್ಲ. ಸಾವಿರದ ಎಂಟುನೂರ ತೊಂಬತ್ತೆಂಟರಲ್ಲಿ ಫಿಲಿಪ್ಪೀನ್ಸ್ ಎಂಬ ದ್ವೀಪಗಳ ಜನ ಸ್ಪೇನಿನ ಆಳ್ವಿಕೆಯನ್ನು ತಾವೇ ಹೊಡೆದು ರಾಜಧಾನಿಯ ಗೋಡೆಯವರೆಗೆ ತಳ್ಳಿದ್ದರು. ಅಮೆರಿಕದ ಹಡಗುಗಳು ಬಿಡುಗಡೆ ಮಾಡುತ್ತೇವೆಂದು ಬಂದವು. ಸ್ಪೇನಿನವರು, ಅಮೆರಿಕದವರು ಒಳಗೊಳಗೇ ಮಾತಾಡಿ ನಾಟಕದ ಯುದ್ಧ ಮಾಡಿ ಊರನ್ನು ಕೈ ಬದಲಿಸಿಕೊಂಡರು. ಆ ನೆಲದ ಮಕ್ಕಳನ್ನು ಹೊರಗೇ ನಿಲ್ಲಿಸಿದರು. ಆಮೇಲೆ ಸ್ಪೇನಿಗೆ ರೊಕ್ಕವನ್ನೂ ಕೊಟ್ಟರು. ಅದೇ ವರ್ಷ ಹವಾಯಿ ದ್ವೀಪಗಳನ್ನೂ ತಮ್ಮದಾಗಿಸಿಕೊಂಡರು. ಅಲ್ಲಿಯ ರಾಣಿಯನ್ನು ಕಬ್ಬಿನ ತೋಟದ ಮಾಲೀಕರು ಅದಕ್ಕೆ ಮೊದಲೇ ಗದ್ದುಗೆಯಿಂದ ಇಳಿಸಿದ್ದರು.

ಹೆಂಗಸು ಒಳಗೆ ಬಂದಳು. ಆರತಿ ಬೆಳಗಿದಳು, ಪಾಪ. ಬೆಳಗಿ ಕೇಳಿದಳು. "ಅಣ್ಣಾ, ಯಾವಾಗ ಹೊಳ್ಳಿ ಹೋಗ್ತೀ?"

"ನಿನಗ ಮನಿ ನಡಸಾಕ ಬರೂದಿಲ್ಲ ತಂಗಿ. ಕಲಸ್ತೀನಿ. ನೀ ಕಲತ ಮ್ಯಾಲ ಹೋಗ್ತೀನಿ."

"ನಾ ಕಲತೀನಿ ಅಂತ ಯಾರು ಹೇಳಬೇಕು?"

"ನಾನ ಹೇಳಬೇಕು ಮತ್ತ!"

ಅವಳ ತಮ್ಮ ಎದುರು ನಿಂತ. ಇದು ನಮ್ಮ ಅಕ್ಕನ ಮನೆ ಎಂದ. ಶ್ರೀಮಂತನ ಮಂದಿ ಅವನನ್ನು ಹೊಡೆದರು. ಆ ಹುಡುಗ ಮತ್ತೆ ಏಳಲಿಲ್ಲ. ತಾಯಂದಿರೇ, ಫಿಲಿಪ್ಪೀನ್ಸಿನಲ್ಲಿ ಆಗ ನಡೆದ ಯುದ್ಧದಲ್ಲಿ, ಅದರ ಹಿಂದೆ ಬಂದ ಹಸಿವು ರೋಗಗಳಲ್ಲಿ ಲಕ್ಷಗಟ್ಟಲೆ ಜನ ಹೋದರು. ಅವರಿಗೂ ಅಕ್ಕಂದಿರಿದ್ದರು. ಅಮೆರಿಕದಲ್ಲೇ ಎಷ್ಟೋ ಜನ ಇದು ಅನ್ಯಾಯ ಎಂದು ಕೂಗಿದರು. ಕೇಳುವವರು ಕೇಳಲಿಲ್ಲ. ಒಂದು ಗಳಿಗೆ ಆ ಸತ್ತವರನ್ನು ನೆನೆಯೋಣ.

ಅವತ್ತಿನಿಂದ ಅವಳು ಅವನನ್ನು ಅಣ್ಣ ಎನ್ನಲಿಲ್ಲ. ಸಾವಕಾರ್ರ ಎಂದಳು.

ಈಗ ಕಷ್ಟದ ಮಾತು. ಸಾವಕಾರ ಆ ಮನೆಗೆ ಒಳ್ಳೆಯದನ್ನೂ ಮಾಡಿದ. ಸೋರುವ ಮಾಳಿಗೆಗೆ ಮಣ್ಣು ಹಾಕಿಸಿದ. ಮಕ್ಕಳಿಗೆ ಅಕ್ಷರ ಕಲಿಸಿದ. ಸಣ್ಣವಳಿಗೆ ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಕುಳಿತ. ಅದು ನಾಟಕವಲ್ಲ, ಪ್ರೀತಿಯೇ. ಒಂದು ದಿನ, ಮಕ್ಕಳು ಬಿದ್ದಾವು ಎಂದು ಮಗ್ಗದ ಗುಂಡಿಗೆ ಮಣ್ಣು ತುಂಬಿಸಿದ. ಮೇಲೆ ಹಲಗೆ ಹೊದಿಸಿ ತನ್ನ ಮಂಚ ಹಾಕಿಕೊಂಡ. ಅವಳು ಕಾಲು ಹಿಡಿದಳು. "ಸಾವಕಾರ್ರ, ಬೇಕಾದ್ರ ಮಾಳಗಿ ಸೋರಲಿ. ಗುಂಡಿ ಒಂದು ಬಿಡ್ರಿ. ಅದು ಮುಚ್ಚಿದ್ರ ನಾ ಯಾರು?" ಎಂದಳು. ಅವನು ನಕ್ಕು ಸಮಾಧಾನ ಮಾಡಿದ. "ನೇಯೂದು ಯಾಕ, ಹುಚ್ಚಿ? ನನ್ನ ಗೋದಾಮಿನ್ಯಾಗ ಬೇಕಾದಷ್ಟು ಅರಿವಿ ಐತಿ. ತೊಗೊ, ಉಡು" ಎಂದ. ತೊಗೊ ಎಂದದ್ದು ಪುಕ್ಕಟೆಯೇನಲ್ಲ.

ಅಯ್ಯೋ, ಒಂದು ಮಾತು ಹೇಳುವುದು ಬಿಟ್ಟೇ ಹೋಯಿತು. ಈ ಶ್ರೀಮಂತ ಹುಡುಗನಾಗಿದ್ದಾಗ ತನ್ನ ಕಾಕಾನ ಕೈಕೆಳಗೆ ಇದ್ದವನು. ದುಡಿದದ್ದು ಕಾಕಾನಿಗೆ, ಮಾತು ಕಾಕಾನದು. ಒಂದು ದಿನ ಸೆಟೆದು ನಿಂತು ಹೊರಬಂದ. ಪ್ರತಿ ವರ್ಷ ಆ ದಿನ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿ, ಮದ್ದು ಹಾರಿಸಿ, ಒಬ್ಬರ ಮನೆಯಲ್ಲಿ ಇನ್ನೊಬ್ಬರ ಯಜಮಾನಿಕೆ ಇರಬಾರದು ಎಂದು ಭಾಷಣ ಮಾಡುತ್ತಿದ್ದ. ನಗುತ್ತೀರಿ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತೀರಿ. ಆದರೆ ಅವನು ಸುಳ್ಳು ಹೇಳುತ್ತಿರಲಿಲ್ಲ. ನಂಬಿಯೇ ಹೇಳುತ್ತಿದ್ದ. ತನ್ನ ವಿಷಯದಲ್ಲಿ ಮಾತ್ರ ನಂಬಿದ್ದ.

ಆ ವರ್ಷ ಹಬ್ಬವನ್ನು ಹೆಂಗಸಿನ ಪಡಸಾಲೆಯಲ್ಲೇ ಇಟ್ಟುಕೊಂಡ. ಅವಳೇ ನೆಲ ಸಾರಿಸಿದಳು, ಅವಳೇ ಹೂರಣ ರುಬ್ಬಿದಳು. ಎರಡೂ ದಂಡೆಯ ಮಂದಿ ಎಲೆಯ ಮುಂದೆ ಕುಳಿತರು. ತುಪ್ಪ ಬಡಿಸುತ್ತಾ ಬಂದವಳು ಅವನ ಎಲೆಯ ಮುಂದೆ ನಿಂತಳು. ಎಷ್ಟೋ ದಿನದ ಮೇಲೆ ಅಣ್ಣಾ ಎಂದಳು.

"ಅಣ್ಣಾ, ಈ ಊಟ ಯಾಕ ಹಾಕಸ್ತೀ?"

"ಕಾಕಾನ ಮನಿ ಬಿಟ್ಟು ನನ್ನ ಮನಿ ನಾ ಮಾಡಿದ ದಿವಸ ತಂಗಿ ಇದು!"

"ಆವಾಗ ನಿನಗ ಮನಿ ನಡಸಾಕ ಬರತಿತ್ತೇನು?"

ಅವನು ಗಹಗಹಿಸಿ ನಕ್ಕ. "ಎಲ್ಲಿ ಬರತಿತ್ತ! ಒಲಿ ಹಚ್ಚಾಕ ಬರತಿರಲಿಲ್ಲ. ಮಾಳಗಿ ಸೋರತಿತ್ತು. ಅಣ್ಣ ತಮ್ಮ ಬಡದಾಡಿಕೊಂಡ್ವಿ. ಮೊದಲನೇ ದಿನದ ಅನ್ನ ಹೊತ್ತಿ ಕರ್ರಗಾಗಿತ್ತು. ಆದ್ರ ಏನು ರುಚಿ ಇತ್ತು ಅಂತೀ! ನನ್ನ ಅನ್ನ ಅದು, ನನ್ನ..."

ಅವನ ಮಾತು ಅವನ ಕಿವಿಗೇ ಬಿದ್ದಿತ್ತು.

ಅವಳು ಮೆಲ್ಲಗೆ, ಅಳುವ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದಳು. "ನಂದೂ ಹೊತ್ತಲಿ ಬಿಡು ಅಣ್ಣಾ."

ಎದ್ದು ಹೋದನೇ? ಹೋದ ಎಂದು ಹೇಳಿ ನಿಮ್ಮನ್ನು ಖುಷಿಪಡಿಸಬೇಕು ಎಂದು ನನಗೂ ಆಸೆ. ಹೋಗಲಿಲ್ಲ. ಊಟ ಮುಗಿಸಿದ, ಕೈ ತೊಳೆದ, ಕಣ್ಣು ತಪ್ಪಿಸಿದ. ಅವಳ ತಲೆ ನರೆತ ಮೇಲೆ ಹೋದ. ಅಮೆರಿಕ ಫಿಲಿಪ್ಪೀನ್ಸ್ ಬಿಡಲು ಸುಮಾರು ಐವತ್ತು ವರ್ಷ ತೆಗೆದುಕೊಂಡಿತು. ಬಿಟ್ಟುಕೊಟ್ಟ ದಿನವೂ ಯಾವುದು? ತನ್ನದೇ ಸ್ವಾತಂತ್ರ್ಯದ ದಿನ, ಜುಲೈ ನಾಲ್ಕು. ಕೊಡುವಾಗಲೂ ತನ್ನ ಹಬ್ಬವನ್ನೇ ಕೊಟ್ಟಿತು. ಆ ಜನ ಕೆಲವು ವರ್ಷ ಅದನ್ನೇ ಆಚರಿಸಿ, ಆಮೇಲೆ ತಾವೇ ಮೊದಲು ಬಿಡುಗಡೆ ಸಾರಿದ್ದ ದಿನಕ್ಕೆ ಹಬ್ಬವನ್ನು ಬದಲಿಸಿಕೊಂಡರು. ನಮ್ಮ ಹೆಂಗಸೂ ಹಲಗೆ ಕಿತ್ತು ಗುಂಡಿ ತೋಡಿಸಿದಳು. ಅಷ್ಟರಲ್ಲಿ ಮೊಣಕಾಲು ಮಡಚುತ್ತಿರಲಿಲ್ಲ. ಮೊಮ್ಮಗಳನ್ನು ಕೂರಿಸಿ, ಪಕ್ಕದಲ್ಲಿ ಕುಳಿತು ಬಾಯಲ್ಲೇ ಹೇಳಿಕೊಟ್ಟಳು.

ಈಗ ಹೇಳಿ, ಅಮೆರಿಕ ಎಷ್ಟು ದೂರ? ಎಲ್ಲರೂ ಆಕಾಶ ತೋರಿಸಬೇಡಿ. ಅದು ನಿಮ್ಮ ಅಡುಗೆಮನೆಯಲ್ಲಿದೆ. ಅತ್ತೆಯಂದಿರೇ, ಸೊಸೆ ಬಂದಾಗ ನೀವೂ ಇದನ್ನೇ ಅಂದಿರಿ: ನಿನಗೆ ಬರುವುದಿಲ್ಲ, ಕಲಿಸುತ್ತೇನೆ, ಕಲಿತ ಮೇಲೆ ಬಿಡುತ್ತೇನೆ. ಅವಳಿಗೆ ಎರಡು ಮಕ್ಕಳಾದವು, ಇನ್ನೂ ಕಲಿತಿಲ್ಲವೇ? ನಿಮ್ಮ ಅತ್ತೆ ನಿಮ್ಮನ್ನು ಒಲೆಯ ಮುಂದೆ ಅಳಿಸಿದ್ದನ್ನು ನೀವೇ ನನ್ನ ಹತ್ತಿರ ಬಂದು ಹೇಳಿ ಅತ್ತಿದ್ದೀರಿ. ಹೌದೋ ಅಲ್ಲವೋ? ಅಣ್ಣಂದಿರೇ, ತಮ್ಮ ತೀರಿಕೊಂಡಾಗ ಅವನ ಹೆಂಡತಿಯ ಹೊಲ ಬಿತ್ತಿಕೊಟ್ಟಿರಿ. ಪುಣ್ಯದ ಕೆಲಸ. ಈಗ ಅವಳ ಮಗ ಮೀಸೆ ತಿರುವುತ್ತಿದ್ದಾನೆ. ಯಾವ ಬೆಳೆ ಹಾಕಬೇಕೆಂದು ಇವತ್ತಿಗೂ ನೀವೇ ಹೇಳುತ್ತೀರಿ. ನಮ್ಮ ಮಠಗಳೂ ಹಾಗೆಯೇ, ಭಕ್ತರ ಮನೆಯ ಜಗಳ ಬಿಡಿಸಲು ಹೋಗಿ ಅಲ್ಲಿಯೇ ಪೀಠ ಹಾಕುತ್ತೇವೆ.

ಸಹಾಯ ಮಾಡಬೇಡಿ ಎನ್ನುವುದಿಲ್ಲ. ಹೋಗಿ. ಕರೆದರೆ ಓಡಿ ಹೋಗಿ. ಆದರೆ ಮನೆಯವರನ್ನು ಹೊರಗೆ ನಿಲ್ಲಿಸಿ ಅವರ ಮನೆಯ ಮಾತು ಮುಗಿಸಬೇಡಿ. ಏನು ಬೇಕೆಂದು ಅವರನ್ನೇ ಕೇಳಿ. ಅವರು ಇನ್ನು ಸಾಕು ಎಂದರೆ, ನೀವು ಅಲ್ಲಿ ಎಷ್ಟೇ ಒಳ್ಳೆಯದು ಮಾಡಿದ್ದರೂ ಚಪ್ಪಲಿ ಮೆಟ್ಟಿ ಹೊರಡಿ. ಪ್ರೀತಿ ಇದ್ದವರಿಗೆ ಎದ್ದು ಬರುವುದೇ ಕಷ್ಟ. ಅದು ನನಗೆ ಗೊತ್ತು, ಅದಕ್ಕೇ ಕೈ ಮುಗಿದು ಕೇಳುತ್ತಿದ್ದೇನೆ.

ನಾಳೆ ಬೆಳಿಗ್ಗೆಯೇ ಶುರು ಮಾಡಿ. ಸೊಸೆ ರೊಟ್ಟಿ ಬಡಿಯಲು ಕುಳಿತಾಗ ನೀವು ಕಟ್ಟೆಯ ಮೇಲೆ ಕೂರಿ. ಹೊತ್ತಿದ ವಾಸನೆ ಬರುತ್ತದೆ. ಏಳಬೇಡಿ. ಹಂಚು ಹೆಚ್ಚು ಕಾಯ್ದಿದೆ ಎಂದು ಕೂಗಬೇಡಿ. ಕರೆದಾಗ ಒಳಗೆ ಹೋಗಿ, ಹಾಕಿದ್ದನ್ನು ಉಣ್ಣಿ.

ಏನು ನೀಲಗಂಗವ್ವ, ಮುಂದೆ ಕುಳಿತು ಕೈ ಎತ್ತುತ್ತಿದ್ದೀರಿ, ಹೇಳಿ.

"ಅವ್ವಾರ, ಹೊತ್ತಿದ ರೊಟ್ಟಿ ತಿನ್ನಾಕ ನನಗ ಹಲ್ಲಿಲ್ರಿ!"

ಹಾಲಿನ್ಯಾಗ ಮುರಕೊಂಡು ತಿನ್ನಬೇ ನಮ್ಮವ್ವ. ಹಾಲು ಎಲ್ಲಿ ಐತಿ ಅಂತ ಸೊಸಿನ್ನ ಕೇಳು. ನೀನ ಎದ್ದು ತೊಗೊಬ್ಯಾಡ.